ಸುಗಂಧ ತೈಲವನ್ನು ನೇರವಾಗಿ ಮೈಗೆ ಹಚ್ಚಬಹುದೇ? ಬೆರೆಸಲು ಯಾವ ಎಣ್ಣೆ ಒಳ್ಳೆಯದು?

“ಲ್ಯಾವೆಂಡರ್ ತೈಲ ನೂರಕ್ಕೆ ನೂರು ನೈಸರ್ಗಿಕ, ನೇರವಾಗಿ ಹಚ್ಚಿ.” “ಸ್ನಾನದ ನೀರಿಗೆ ನಾಲ್ಕು ಹನಿ ನೀಲಗಿರಿ ಎಣ್ಣೆ ಹಾಕಿದರೆ ಮೈಕೈ ನೋವು ಮಾಯ.” “ಕೊಬ್ಬರಿ ಎಣ್ಣೆಗೆ ಕರ್ಪೂರ ಹಾಕಿ ಮಗುವಿನ ಎದೆಗೆ ಸವರಿ.” ಇಂಥ ಸಂದೇಶಗಳು ನಿಮ್ಮ ಫ್ಯಾಮಿಲಿ ಗ್ರೂಪಿಗೂ ಬಂದಿರಬಹುದು. ಮೊದಲ ಎರಡರಲ್ಲಿ ಒಂದು ಮುಖ್ಯ ಸಂಗತಿ ಬಿಟ್ಟುಹೋಗಿದೆ. ಮೂರನೆಯದಂತೂ ಅಪಾಯಕಾರಿ.

ಕ್ಯಾರಿಯರ್ ಎಣ್ಣೆ ಎಂದರೇನು?

ಹೂವು, ಎಲೆ, ತೊಗಟೆಗಳಿಂದ ತೆಗೆದ ಸುಗಂಧ ತೈಲ ತುಂಬಾ ಗಾಢ. ನೇರವಾಗಿ ಹಚ್ಚಿದರೆ ಉರಿ, ತುರಿಕೆ, ಅಲರ್ಜಿ ಆಗಬಹುದು. ಅದನ್ನು ತೆಳುವಾಗಿಸಲು ಬಳಸುವ, ಆವಿಯಾಗದ ಸಾದಾ ಎಣ್ಣೆಯೇ ಕ್ಯಾರಿಯರ್. ಕೊಬ್ಬರಿ, ಎಳ್ಳು, ಬಾದಾಮಿ, ಸೂರ್ಯಕಾಂತಿ ಎಣ್ಣೆಗಳೆಲ್ಲ ಈ ಗುಂಪಿನವು. ಮೈಸೂರಿನ ಕಾರ್ಖಾನೆಯಲ್ಲಿ ತಯಾರಾಗುವ ಶ್ರೀಗಂಧದ ಎಣ್ಣೆ ಸುಗಂಧ ತೈಲ. ಉತ್ತರ ಪ್ರದೇಶದ ಕನೌಜ್‌ನ ಸಾಂಪ್ರದಾಯಿಕ ಅತ್ತರಿನಲ್ಲಿ ಹೂವಿನ ಪರಿಮಳ ಹಿಡಿದಿಡಲು ಅದನ್ನೇ ತಳದ ಎಣ್ಣೆಯಾಗಿ ಬಳಸುತ್ತಾರೆ. ಆದರೆ ಮಸಾಜ್‌ಗೆ ಅದನ್ನು ಕೂಡ ಬೇರೆ ಎಣ್ಣೆಯಲ್ಲಿ ಬೆರೆಸಿಯೇ ಹಚ್ಚಬೇಕು.

ಎಷ್ಟು ಬೆರೆಸಬೇಕು?

ದೊಡ್ಡವರ ಮೈ ಮಸಾಜ್‌ಗೆ 30 ಮಿಲಿ ಎಣ್ಣೆಗೆ ಸುಮಾರು 12 ಹನಿ ಸಾಕು. ಅಂದರೆ ಶೇ 2ರಷ್ಟು. ಮುಖಕ್ಕೆ ಅದರ ಅರ್ಧಕ್ಕಿಂತ ಹೆಚ್ಚು ಬೇಡ. ಲವಂಗ, ದಾಲ್ಚಿನ್ನಿ ತೈಲಗಳು ಖಾರ, ಇನ್ನೂ ಕಡಿಮೆ ಹಾಕಬೇಕು. ಲೆಕ್ಕ ನೋಡಿ: ಚರ್ಮಕ್ಕೆ ತಾಗುವುದರಲ್ಲಿ 98 ಪಾಲು ಕ್ಯಾರಿಯರ್ ಎಣ್ಣೆಯೇ. ಅದಕ್ಕೇ ಅದರ ಆಯ್ಕೆ ಮುಖ್ಯ.

ಬಕೆಟ್ ನೀರಿಗೆ ಹಾಕಿದರೆ ತೆಳುವಾಗುವುದಿಲ್ಲವೇ? ಇಲ್ಲ. ಎಣ್ಣೆ ನೀರಿನಲ್ಲಿ ಕರಗುವುದಿಲ್ಲ. ಹನಿಗಳು ಮೇಲೆ ತೇಲಿ, ಗಾಢವಾಗಿಯೇ ಮೈಗೆ ಅಂಟುತ್ತವೆ.

ಯಾವುದಕ್ಕೆ ಯಾವ ಎಣ್ಣೆ?

• ಮೈ ಮಸಾಜ್: ಎಳ್ಳೆಣ್ಣೆ ಕೈಗೆ ಚೆನ್ನಾಗಿ ಜಾರುತ್ತದೆ, ಬೇಗ ಕೆಡುವುದಿಲ್ಲ. ವಾಸನೆ ಬೇಡವೆನ್ನುವವರಿಗೆ ಬಾದಾಮಿ ಅಥವಾ ಸೂರ್ಯಕಾಂತಿ ಎಣ್ಣೆ. ಹರಳೆಣ್ಣೆ ತುಂಬಾ ಮಂದ, ಬೇರೆ ಎಣ್ಣೆಗೆ ಸ್ವಲ್ಪ ಸೇರಿಸಿಕೊಳ್ಳಿ.

• ರೋಲ್-ಆನ್ ಸುಗಂಧ: ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ಡಿಸೆಂಬರ್‌ನ ಬೆಂಗಳೂರಿನಲ್ಲಿ ಬಾಟಲಿಯ ಗುಂಡು ತಿರುಗುವುದೇ ಇಲ್ಲ. ಹೆಪ್ಪುಗಟ್ಟದ, ಹೆಚ್ಚು ವಾಸನೆಯಿಲ್ಲದ ‘ಫ್ರ್ಯಾಕ್ಷನೇಟೆಡ್’ ಕೊಬ್ಬರಿ ಎಣ್ಣೆ ಅಥವಾ ಹೊಹೋಬಾ ಇದಕ್ಕೆ ಸೂಕ್ತ. ಹೊಹೋಬಾ ನಿಜವಾಗಿ ಎಣ್ಣೆಯಲ್ಲ, ದ್ರವ ರೂಪದ ಮೇಣ. ಹಾಗಾಗಿ ಬಹಳ ಕಾಲ ಕೆಡುವುದಿಲ್ಲ.

• ಮೊಡವೆ ಇರುವ ಮುಖ: ಕೊಬ್ಬರಿ ಎಣ್ಣೆ ರಂಧ್ರಗಳನ್ನು ಮುಚ್ಚಿ ಮೊಡವೆ ಹೆಚ್ಚಿಸಬಹುದು. ಅದನ್ನು ಬಿಡಿ.

• ಶೇಂಗಾ, ಬಾದಾಮಿ ಅಥವಾ ಎಳ್ಳಿನ ಅಲರ್ಜಿ ಇರುವವರು ಆಯಾ ಎಣ್ಣೆಯನ್ನು ಮೈಗೂ ಹಚ್ಚಬಾರದು.

ಗಾಣದ ಎಣ್ಣೆಯೇ ಎಲ್ಲಕ್ಕೂ ಶ್ರೇಷ್ಠವೇ?

ಅಡುಗೆಯ ಮಾತು ಬೇರೆ. ಗಾಣದ ಎಣ್ಣೆಗೆ ತನ್ನದೇ ಗಟ್ಟಿ ವಾಸನೆ ಇರುವುದರಿಂದ ಸುಗಂಧದ ಮಿಶ್ರಣಕ್ಕೆ ರಿಫೈನ್ಡ್ ಎಣ್ಣೆಯೇ ವಾಸಿ. ಇನ್ನು ಬಾಟಲಿಯ ಮೇಲೆ ಬಾದಾಮಿ ಚಿತ್ರವಿದ್ದರೆ ಒಳಗಿರುವುದೆಲ್ಲ ಬಾದಾಮಿ ಎಣ್ಣೆ ಎಂದುಕೊಳ್ಳಬೇಡಿ. ಪದಾರ್ಥಗಳ ಪಟ್ಟಿ ಓದಿ. ಮೊದಲಿಗೆ ‘ಲಿಕ್ವಿಡ್ ಪ್ಯಾರಾಫಿನ್’ ಅಥವಾ ‘ಮಿನರಲ್ ಆಯಿಲ್’ ಎಂದಿದ್ದರೆ ಹೆಚ್ಚಿನ ಪಾಲು ಅದೇ. ಅದು ವಿಷವೇನಲ್ಲ, ಆದರೆ ನೀವು ಕೊಟ್ಟದ್ದು ಬಾದಾಮಿ ಎಣ್ಣೆಯ ದುಡ್ಡು.

ಮಗುವಿಗೆ?

ಹಸುಗೂಸಿಗೆ ಸುಗಂಧ ತೈಲ ಬೇಡವೇ ಬೇಡ. ಸಾದಾ ಎಣ್ಣೆ ಸಾಕು. ಆಲಿವ್ ಎಣ್ಣೆ ದುಬಾರಿ ಎಂಬ ಕಾರಣಕ್ಕೆ ಉತ್ತಮವಲ್ಲ. 2013ರಲ್ಲಿ ಪ್ರಕಟವಾದ ಬ್ರಿಟನ್ನಿನ ಅಧ್ಯಯನವೊಂದರಲ್ಲಿ ವಯಸ್ಕರ ಚರ್ಮದ ಮೇಲೆ ಪರೀಕ್ಷಿಸಿದಾಗ, ಆಲಿವ್ ಎಣ್ಣೆ ಚರ್ಮದ ರಕ್ಷಣಾ ಪದರವನ್ನು ದುರ್ಬಲಗೊಳಿಸಿತು. ಸೂರ್ಯಕಾಂತಿ ಎಣ್ಣೆ ಹಾಗೆ ಮಾಡಲಿಲ್ಲ.

ಕರ್ಪೂರದ ವಿಷಯ ಇನ್ನೂ ಗಂಭೀರ. ಅದು ಚರ್ಮದ ಮೂಲಕವೂ ಉಸಿರಿನ ಮೂಲಕವೂ ದೇಹ ಸೇರುತ್ತದೆ, ಚಿಕ್ಕ ಮಕ್ಕಳಲ್ಲಿ ಫಿಟ್ಸ್ ತರಬಲ್ಲದು. ಶೀತವಾದ ಮಗುವಿಗೆ ಅಜ್ಜಿ ಪ್ರೀತಿಯಿಂದಲೇ ಸವರುತ್ತಾರೆ, ಆದರೂ ಬೇಡ ಎನ್ನಿ. 2 ವರ್ಷದೊಳಗಿನ ಮಕ್ಕಳಿಗೆ ಕರ್ಪೂರವಿರುವ ಮುಲಾಮನ್ನೂ ಹಚ್ಚಬೇಡಿ. ಮಗು ಕರ್ಪೂರ ಅಥವಾ ನೀಲಗಿರಿ ಎಣ್ಣೆ ನುಂಗಿದರೆ ವಾಂತಿ ಮಾಡಿಸಲು ಹೋಗದೆ, ಬಾಟಲಿಯ ಸಮೇತ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ.

ಹಚ್ಚುವ ಮುನ್ನ

ಮಿಶ್ರಣವನ್ನು ಮೊಣಕೈ ಒಳಭಾಗಕ್ಕೆ ಸ್ವಲ್ಪ ಹಚ್ಚಿ 24ರಿಂದ 48 ಗಂಟೆ ಕಾಯಿರಿ. ಕೆಂಪಾದರೆ, ತುರಿಸಿದರೆ ಬಳಸಬೇಡಿ. ಒಂದೊಂದು ತಿಂಗಳಿಗೆ ಆಗುವಷ್ಟೇ ಮಾಡಿಕೊಂಡು, ಗಾಢ ಬಣ್ಣದ ಗಾಜಿನ ಬಾಟಲಿಯಲ್ಲಿ ಬಿಸಿಲು ತಾಗದಂತೆ ಇಡಿ. ಕನರು ವಾಸನೆ ಬಂದರೆ ಚೆಲ್ಲಿಬಿಡಿ. ಹಳೆಯದಾದ ಲ್ಯಾವೆಂಡರ್, ಟೀ ಟ್ರೀ ತೈಲಗಳು ಗಾಳಿಯೊಂದಿಗೆ ಸೇರಿ ಬದಲಾಗಿ, ಅಲರ್ಜಿ ತರುವ ಸಾಧ್ಯತೆ ಹೆಚ್ಚು. ಹಿಂಡಿ ತೆಗೆದ ನಿಂಬೆ ತೈಲ ಹಚ್ಚಿಕೊಂಡು ಬಿಸಿಲಿಗೆ ಹೋದರೆ ಚರ್ಮ ಸುಡಬಹುದು. ಗರ್ಭಿಣಿಯರು, ಆಸ್ತಮಾ ಅಥವಾ ಅಪಸ್ಮಾರ ಇರುವವರು ಮೊದಲು ವೈದ್ಯರನ್ನು ಕೇಳಿ.

ನೈಸರ್ಗಿಕ ಎಂದ ಮಾತ್ರಕ್ಕೆ ನಿರಪಾಯವಲ್ಲ. ಮುಂದಿನ ಬಾರಿ ಇಂಥ ಸಂದೇಶ ಬಂದಾಗ ಎರಡು ಪ್ರಶ್ನೆ ಕೇಳಿ: ಯಾವ ಎಣ್ಣೆಯಲ್ಲಿ, ಎಷ್ಟು ಹನಿ? ಉತ್ತರವಿಲ್ಲದಿದ್ದರೆ ಫಾರ್ವರ್ಡ್ ಮಾಡಬೇಡಿ.