ಗಡಿಯಾರದ ಬೆಳಕು, ಫಿಲ್ಮಿನ ಕತ್ತಲು

ಚೇಂಜಿಂಗ್ ಬ್ಯಾಗ್ ಎಂಬುದು ತಲೆಯಿಲ್ಲದ ಕಪ್ಪು ಅಂಗಿಯಂಥ ಒಂದು ಚೀಲ. ಎರಡು ಪದರದ ದಟ್ಟ ಬಟ್ಟೆ, ಒಂದು ಬದಿಗೆ ಜಿಪ್ಪು, ಎದುರು ಬದಿಗೆ ಎಲಾಸ್ಟಿಕ್ ಹಾಕಿದ ಎರಡು ತೋಳು. ಒಳಗೆ ಫಿಲ್ಮ್ ರೋಲು, ಕತ್ತರಿ, ಸುತ್ತುವ ರೀಲು, ತೊಳೆಯುವ ಡಬ್ಬಿ ಇಟ್ಟು ಜಿಪ್ಪೆಳೆದು, ತೋಳುಗಳೊಳಗೆ ಕೈ ತೂರಿಸಿ, ಕಣ್ಣಿನ ಕೆಲಸವನ್ನು ಬೆರಳಿಗೆ ಒಪ್ಪಿಸಬೇಕು. ಡಾರ್ಕ್‌ರೂಮಿಗೆ ಜಾಗವಿಲ್ಲದ ಫ್ಲ್ಯಾಟುಗಳಲ್ಲಿ ಫಿಲ್ಮ್ ತೊಳೆಯಲು ಕಲಿಯುವವರಿಗೆ ಇದೇ ಕತ್ತಲೆಕೋಣೆ. ಎಲಾಸ್ಟಿಕ್ ಬಿಗಿಯುವುದು ಮೊಣಕೈ ಹತ್ತಿರ. ಮಣಿಕಟ್ಟು ಚೀಲದ ಒಳಗೇ ಇರುತ್ತದೆ. ಮಣಿಕಟ್ಟಿಗೆ ಕಟ್ಟಿದ ಸ್ಮಾರ್ಟ್‌ವಾಚ್ ಕೂಡ.

ಫಿಲ್ಮನ್ನು ರೀಲಿಗೆ ಸುತ್ತುವಾಗ ಮಣಿಕಟ್ಟು ಹಿಂದೆ ಮುಂದೆ ತಿರುಗುತ್ತದೆ. ಯಜಮಾನರು ಟೈಮು ನೋಡಬೇಕೆಂದಿದ್ದಾರೆ ಎಂದು ವಾಚು ತಿಳಿಯುವುದೂ ಅದೇ ಚಲನೆಯಿಂದ; ತಕ್ಷಣ ಪರದೆ ಬೆಳಗುತ್ತದೆ. ಅದನ್ನು ಆಫ್ ಮಾಡಿಟ್ಟಿದ್ದರೂ ವಾಚಿನ ಬೆನ್ನಿನಲ್ಲಿ ನಾಡಿ ಎಣಿಸುವ ಹಸಿರು ಎಲ್‌ಇಡಿಗಳಿವೆ. ರಕ್ತ ಹಸಿರು ಬೆಳಕನ್ನು ಚೆನ್ನಾಗಿ ಹೀರುತ್ತದೆ, ಹಾಗಾಗಿ ಹಸಿರು. ಪಟ್ಟಿ ಸಡಿಲವಾಗಿದ್ದರೆ ಅದು ಚರ್ಮದ ಅಂಚಿನಿಂದ ಹೊರಗೆ ಸೋರುತ್ತದೆ. ಹೊರಗಿರುವ ಮನುಷ್ಯನಿಗೆ ಚೀಲದೊಳಗೆ ನಡೆದದ್ದು ಕಾಣುವುದಿಲ್ಲ. ತೊಳೆದು ಒಣಗಿಸಿದ ಮೇಲೆ ನೆಗೆಟಿವ್ ಮೇಲೆ ಕಪ್ಪು ಮಬ್ಬು ಕಾಣುತ್ತದೆ. ಆ ರೋಲಿನಲ್ಲಿ ಮಗುವಿನ ಮೊದಲ ಹುಟ್ಟುಹಬ್ಬ ಇದ್ದಿರಬಹುದು. ಫೋಟೋಗ್ರಾಫರುಗಳು ಈ ಮಬ್ಬನ್ನು ಫಾಗ್ ಎನ್ನುತ್ತಾರೆ. ಹೆಸರು ಮಂಜಿನದ್ದಾದರೂ ಈ ಮಂಜು ಬಿಸಿಲಿಗೆ ಕರಗುವುದಿಲ್ಲ.

ಕೈಗಡಿಯಾರಕ್ಕೂ ಫಿಲ್ಮಿಗೂ ಇರುವ ಈ ಜಗಳ ಸ್ಮಾರ್ಟ್‌ವಾಚಿಗಿಂತ ಬಹಳ ಹಳೆಯದು.

ಸಿನಿಮಾಗಳಲ್ಲಿ ಡಾರ್ಕ್‌ರೂಮ್ ಎಂದರೆ ಕೆಂಪು ದೀಪ. ಅದು ಸುಳ್ಳಲ್ಲ, ಆದರೆ ಪೂರ್ತಿ ನಿಜವೂ ಅಲ್ಲ. ಮೊದಮೊದಲ ಫೋಟೋ ಗಾಜುಗಳಿಗೆ ನೀಲಿ ಮತ್ತು ನೇರಳೆ ಬೆಳಕು ಬಿಟ್ಟರೆ ಉಳಿದದ್ದು ಹೆಚ್ಚುಕಡಿಮೆ ಕಾಣುತ್ತಿರಲಿಲ್ಲ. ಕೆಂಪು ದೀಪದಡಿ ನಿಶ್ಚಿಂತೆಯಿಂದ ಕೆಲಸ ಮಾಡಬಹುದಿತ್ತು. 1873ರಲ್ಲಿ ಬರ್ಲಿನ್ನಿನ ಹರ್ಮನ್ ಫೋಗೆಲ್, ಬೆಳ್ಳಿಯ ಲವಣಕ್ಕೆ ಕೆಲವು ಬಣ್ಣಗಳನ್ನು ಬೆರೆಸಿದರೆ ಅದಕ್ಕೆ ಹಸಿರೂ ಕಾಣತೊಡಗುತ್ತದೆ ಎಂದು ಕಂಡುಕೊಂಡರು. 1906ರಲ್ಲಿ ಇಂಗ್ಲೆಂಡಿನ ರ್‍ಯಾಟನ್ ಅಂಡ್ ವೇನ್‌ರೈಟ್ ಕಂಪನಿ ಎಲ್ಲ ಬಣ್ಣಗಳನ್ನೂ ಗ್ರಹಿಸುವ ಪ್ಯಾನ್‌ಕ್ರೊಮ್ಯಾಟಿಕ್ ಗಾಜುಗಳನ್ನು ಮಾರಿತು. ಅದರ ಹಿಂದಿದ್ದ ಕೆನೆತ್ ಮೀಸ್ ಎಂಬ ರಸಾಯನಶಾಸ್ತ್ರಜ್ಞ ತನ್ನಲ್ಲಿಗೆ ಬರಲಿ ಎಂದು 1912ರಲ್ಲಿ ಕೊಡಾಕ್ ಆ ಕಂಪನಿಯನ್ನೇ ಕೊಂಡುಕೊಂಡಿತು. ಅಮೆರಿಕದ ರಾಚೆಸ್ಟರ್‌ನಲ್ಲಿ ಮೀಸ್ ಕಟ್ಟಿದ ಪ್ರಯೋಗಾಲಯ ಈ ಕತೆಯಲ್ಲಿ ಮತ್ತೆ ಬರುತ್ತದೆ. ಎಲ್ಲವನ್ನೂ ಕಾಣುವ ಫಿಲ್ಮ್ ಬಂದಾಗ ಕೆಂಪು ದೀಪ ಆರಿತು. ಕಾಗದಕ್ಕೆ ಚಿತ್ರ ಇಳಿಸುವಾಗ ಅದು ಉಳಿಯಿತು. ಫಿಲ್ಮಿಗೆ ಮಾತ್ರ ಪೂರ್ತಿ ಕತ್ತಲೆ.

ಸರಿಯಾಗಿ ಅದೇ ವರ್ಷಗಳಲ್ಲಿ ಕೈಗಡಿಯಾರ ಕತ್ತಲೆಯಲ್ಲಿ ಹೊಳೆಯಲು ಕಲಿಯಿತು. ಮೊದಲ ಮಹಾಯುದ್ಧದ ಕಂದಕಗಳಲ್ಲಿ ಕಡ್ಡಿ ಗೀರಿದರೆ ಗುಂಡು ಬೀಳುವ ರಾತ್ರಿಯಲ್ಲಿ ಸೈನಿಕನಿಗೆ ಟೈಮು ಕಾಣಬೇಕಿತ್ತು. ರೇಡಿಯಂ ಮತ್ತು ಸತುವಿನ ಸಲ್ಫೈಡ್ ಬೆರೆಸಿದ ಬಣ್ಣದಿಂದ ಅಂಕಿಗಳನ್ನು ಬರೆದರು. ರೇಡಿಯಂ ಕಿರಣ ಸೂಸುತ್ತದೆ, ಆ ಪೆಟ್ಟಿಗೆ ಸಲ್ಫೈಡ್ ಮಿನುಗುತ್ತದೆ. ಹಗಲು ಬೆಳಕು ಕುಡಿಸುವ ಅಗತ್ಯವೇ ಇಲ್ಲ. ನ್ಯೂಜೆರ್ಸಿಯ ಆರೆಂಜ್ ಊರಿನ ಕಾರ್ಖಾನೆ ತನ್ನ ಬಣ್ಣಕ್ಕೆ ಇಟ್ಟ ಹೆಸರು ‘ಅನ್‌ಡಾರ್ಕ್’. ಕನ್ನಡಕ್ಕೆ ತರಲು ಕಷ್ಟಕೊಡುವ ಪದ. ಕತ್ತಲಲ್ಲ ಎನ್ನುತ್ತದೆ, ಆದರೆ ಬೆಳಕು ಎಂದೂ ಬಾಯಿಬಿಟ್ಟು ಹೇಳುವುದಿಲ್ಲ.

ಆ ಬಣ್ಣ ಬಳಿಯುತ್ತಿದ್ದವರು ಹೆಚ್ಚಾಗಿ ಹದಿಹರೆಯದ ಹುಡುಗಿಯರು. ಅಂಕಿ ಸಣ್ಣದು, ಕುಂಚದ ತುದಿ ಚೂಪಾಗಿರಬೇಕು. ತುಟಿಯ ನಡುವೆ ಇಟ್ಟು ಚೂಪು ಮಾಡಿಕೊಳ್ಳಿ ಎಂದು ಅವರಿಗೆ ಕಲಿಸಿದ್ದರು. ತುಟಿಗೆ, ಬಣ್ಣಕ್ಕೆ, ಗಡಿಯಾರಕ್ಕೆ, ಮತ್ತೆ ತುಟಿಗೆ. ಸಂಜೆ ಮನೆಗೆ ಹೋಗುವಾಗ ಅವರ ತಲೆಗೂದಲು, ಬಟ್ಟೆ ಕತ್ತಲಲ್ಲಿ ಮಿನುಗುತ್ತಿದ್ದವು. ದೇಹ ರೇಡಿಯಂ ಅನ್ನು ಸುಣ್ಣದಂಶವೆಂದು ತಪ್ಪಾಗಿ ತಿಳಿದು ಎಲುಬಿಗೆ ಸೇರಿಸಿಕೊಳ್ಳುತ್ತದೆ.

ಅಮೇಲಿಯಾ ಮ್ಯಾಗಿಯಾ ಅವರಲ್ಲೊಬ್ಬಳು. ಮೊದಲು ಹಲ್ಲು ನೋವು, ಆಮೇಲೆ ದವಡೆಯೇ ಚೂರುಚೂರಾಗಿ ಬಂತು. 1922ರಲ್ಲಿ ತೀರಿಕೊಂಡಳು. ಮರಣಪತ್ರದಲ್ಲಿ ಕಾರಣ ಸಿಫಿಲಿಸ್ ಎಂದು ಬರೆದರು. ರೋಗದ ಜೊತೆಗೆ ಅಪವಾದವನ್ನೂ ಹೊತ್ತು ಆ ಹುಡುಗಿ ಮಣ್ಣಿಗೆ ಹೋದಳು. 1927ರಲ್ಲಿ ಗ್ರೇಸ್ ಫ್ರೈಯರ್ ಮತ್ತು ಇನ್ನು ನಾಲ್ವರು ಕಾರ್ಖಾನೆಯ ಮೇಲೆ ದಾವೆ ಹೂಡಿದರು. ನಾಲ್ವರಲ್ಲಿ ಇಬ್ಬರು ಅಮೇಲಿಯಾಳ ಅಕ್ಕತಂಗಿಯರು. ಅದೇ ವರ್ಷ ಅಕ್ಟೋಬರಿನಲ್ಲಿ ಆಕೆಯ ಶವವನ್ನು ಹೊರತೆಗೆದು, ಎಲುಬುಗಳನ್ನು ಕತ್ತಲಲ್ಲಿ ಎಕ್ಸ್-ರೇ ಫಿಲ್ಮಿನ ಜೊತೆ ಇಟ್ಟರು. ಯಾವ ಯಂತ್ರವೂ ಇರಲಿಲ್ಲ, ದೀಪವೂ ಇರಲಿಲ್ಲ. ಫಿಲ್ಮ್ ತೊಳೆದಾಗ ಎಲುಬುಗಳು ತಮ್ಮ ಗುರುತನ್ನು ತಾವೇ ಮೂಡಿಸಿದ್ದವು. ಸತ್ತು ಐದು ವರ್ಷವಾದ ಮೇಲೆ ಅಮೇಲಿಯಾ ಸಾಕ್ಷಿ ನುಡಿದದ್ದು ಹೀಗೆ. 1928ರ ಜೂನಿನಲ್ಲಿ ರಾಜಿಯಾಯಿತು: ಐವರಿಗೆ ತಲಾ 10,000 ಡಾಲರ್, ವರ್ಷಕ್ಕೆ 600 ಡಾಲರ್ ಮತ್ತು ಔಷಧೋಪಚಾರದ ಖರ್ಚು.

ಫಿಲ್ಮಿಗೆ ಈ ಕೆಲಸ ಹೊಸದಾಗಿರಲಿಲ್ಲ. ವಿಕಿರಣಶೀಲತೆ ಎಂಬುದೊಂದಿದೆ ಎಂದು ಮನುಷ್ಯರಿಗೆ ತಿಳಿದದ್ದೇ ಹಾಳಾದ ಫೋಟೋ ಗಾಜಿನಿಂದ. 1896ರ ಫೆಬ್ರವರಿಯ ಕೊನೆಯಲ್ಲಿ ಪ್ಯಾರಿಸ್ಸಿನಲ್ಲಿ ಮೋಡ ಕವಿದಿತ್ತು. ಯುರೇನಿಯಂ ಲವಣವನ್ನು ಬಿಸಿಲಿಗಿಟ್ಟು ಪ್ರಯೋಗ ಮಾಡಬೇಕೆಂದಿದ್ದ ಹೆನ್ರಿ ಬೆಕೆರೆಲ್, ಬಿಸಿಲಿಲ್ಲವೆಂದು ಎಲ್ಲವನ್ನೂ ಮೇಜಿನ ಖಾನೆಗೆ ತಳ್ಳಿದರು. ಮಾರ್ಚ್ 1ರಂದು ಗಾಜನ್ನು ತೊಳೆದರೆ, ಕಪ್ಪು ಕಾಗದ ಸುತ್ತಿದ್ದರೂ ಅಚ್ಚು ಸ್ಪಷ್ಟವಾಗಿ ಮೂಡಿತ್ತು. ಪ್ಯಾರಿಸ್ಸಿನ ಒಂದು ಮೋಡ ಭೌತಶಾಸ್ತ್ರಕ್ಕೆ ಮಾಡಿದ ಉಪಕಾರ ಕಡಿಮೆಯಲ್ಲ.

ಈಗ ರಾಚೆಸ್ಟರ್‌ಗೆ ಮರಳಬಹುದು. ಎರಡನೇ ಮಹಾಯುದ್ಧದ ಹೊತ್ತಿಗೆ ವಿಮಾನಗಳ ಮೀಟರುಗಳಿಗೂ ಹೊಳೆಯುವ ಅಂಕಿ ಬೇಕಾಗಿ ರೇಡಿಯಂ ಬಳಕೆ ಏರಿತ್ತು. ಆ ಕಾರ್ಖಾನೆಗಳ ರದ್ದಿ ಕಾಗದ ಗುಜರಿಗೆ ಹೋಗಿ, ಅಲ್ಲಿಂದ ಕಾಗದದ ಗಿರಣಿಗೆ ಹೋಗಿ, ಹೊಸ ರಟ್ಟಾಗಿ ಕೊಡಾಕ್ ಫಿಲ್ಮಿನ ಪೊಟ್ಟಣದೊಳಗೆ ಬಂದು ಕೂತಿತು. ಮುಚ್ಚಿದ ಪೊಟ್ಟಣದೊಳಗೇ ಫಿಲ್ಮಿನ ಮೇಲೆ ಕಪ್ಪು ಚುಕ್ಕೆಗಳು! ಕೊಡಾಕ್ ರದ್ದಿಯನ್ನು ನಂಬುವುದು ಬಿಟ್ಟು, ಕಚ್ಚಾಮಾಲಿನ ಮೇಲೆ ಹಿಡಿತವಿರುವ ಗಿರಣಿಗಳಿಂದ ಹುಲ್ಲಿನ ರಟ್ಟು ತರಿಸತೊಡಗಿತು.

ಆಮೇಲೂ ಚುಕ್ಕೆ ಬಂದವು. ಇಂಡಿಯಾನಾದ ವಿನ್ಸೆನ್ಸ್ ಊರಿನ ಗಿರಣಿಯಲ್ಲಿ 1945ರ ಆಗಸ್ಟಿನಲ್ಲಿ ತಯಾರಾದ ರಟ್ಟು ಅದು. ಪ್ರಯೋಗಾಲಯದ ಜೂಲಿಯನ್ ವೆಬ್ ಪರೀಕ್ಷಿಸಿದರು. ರೇಡಿಯಂ ಅಲ್ಲ. ತಿಂಗಳೊಪ್ಪತ್ತಿಗೆ ಅರ್ಧಕ್ಕಿಳಿಯುವ ಸೀರಿಯಂ-141, ಅಣು ಒಡೆದಾಗ ಹುಟ್ಟುವಂಥದ್ದು. ಜುಲೈ 16ರಂದು ನ್ಯೂಮೆಕ್ಸಿಕೋದ ಮರುಭೂಮಿಯಲ್ಲಿ ಗುಟ್ಟಾಗಿ ಸಿಡಿದ ಮೊದಲ ಅಣುಬಾಂಬಿನ ಬೂದಿ, ಸಾವಿರ ಮೈಲಿಗೂ ಆಚೆ ಮಳೆಯಾಗಿ ಇಳಿದು, ಹೊಳೆಯ ನೀರಿನ ಜೊತೆ ಗಿರಣಿಗೆ ಬಂದಿತ್ತು. ವೆಬ್ ಇದನ್ನು ಪ್ರಕಟಿಸಿದ್ದು 1949ರಲ್ಲಿ.

1951ರ ಜನವರಿ 27ರಂದು ನೆವಾಡಾದಲ್ಲಿ ಬಾಂಬ್ ಪರೀಕ್ಷೆಗಳು ಶುರುವಾದವು. ಕೆಲವೇ ದಿನಗಳಲ್ಲಿ ರಾಚೆಸ್ಟರಿನ ಮೇಲೆ ವಿಕಿರಣ ಬೆರೆತ ಹಿಮ ಬಿತ್ತು. ಫಿಲ್ಮ್ ತಯಾರಕರು ಅಣುಶಕ್ತಿ ಆಯೋಗಕ್ಕೆ ದೂರಿದರು. ಇನ್ನು ಮುಂದೆ ಪರೀಕ್ಷೆಗೆ ಮೊದಲೇ ತಿಳಿಸುತ್ತೇವೆ, ಮಬ್ಬು ಎತ್ತ ಹೋಗಬಹುದೆಂಬ ಅಂದಾಜನ್ನೂ ಕೊಡುತ್ತೇವೆ ಎಂದು ಆಯೋಗ ಒಪ್ಪಿತು. ಅದೇ ಗಾಳಿಯಡಿ ಮೇಯುವ ಹಸುಗಳ ಹಾಲನ್ನು ಮಕ್ಕಳಿಗೆ ಕೊಡುತ್ತಿದ್ದ ತಾಯಂದಿರಿಗೆ ಅಂಥ ಸೂಚನೆ ಹೋಗಲಿಲ್ಲ. 1997ರಲ್ಲಿ ಸೆನೆಟರ್ ಟಾಮ್ ಹಾರ್ಕಿನ್ ಈ ವಿಚಿತ್ರವನ್ನು ಎತ್ತಿ ಆಡಿದರು. ವಿಚಿತ್ರ ಎಂಬ ಪದ ಇಲ್ಲಿ ತೀರಾ ಮೆತ್ತಗೆ. ಫಿಲ್ಮಿಗೆ ಬೆಲೆ ಕಟ್ಟಬಲ್ಲ, ದೂರು ಕೊಡಬಲ್ಲ ಒಡೆಯನಿದ್ದ. ಗಡಿಯಾರಕ್ಕೆ ಬಣ್ಣ ಬಳಿದ ಹುಡುಗಿಯರಿಗೂ ನೆವಾಡಾದ ಗಾಳಿಯ ದಾರಿಯಲ್ಲಿದ್ದ ಮನೆಗಳಿಗೂ ಅಂಥವರಿರಲಿಲ್ಲ.

ಡಾರ್ಕ್‌ರೂಮಿನವರ ಭಯ ಇಷ್ಟು ದೊಡ್ಡದಾಗಿರಲಿಲ್ಲ. ರೇಡಿಯಂ ವಾಚು ಕಟ್ಟಿಕೊಂಡು ಐದು ನಿಮಿಷ ಫಿಲ್ಮ್ ಸುತ್ತಿದರೆ ಕಿರಣಗಳಿಂದ ಹಾನಿಯಾಗುವುದು ಕಷ್ಟ. ಅಂಕಿಗಳ ಮಂಕು ಹಸಿರು ಹೊಳಪು ಫಿಲ್ಮಿಗೆ ತೀರ ಹತ್ತಿರ ಬಂದರೆ ಮಾತ್ರ ತೊಂದರೆ. ಫಿಲ್ಮ್ ಪೊಟ್ಟಣದ ಪಕ್ಕದಲ್ಲೇ ತಿಂಗಳುಗಟ್ಟಲೆ ಅಂಥ ವಾಚು ಇಟ್ಟರೆ ಮಾತು ಬೇರೆ. ಡಾರ್ಕ್‌ರೂಮಿಗೆಂದೇ ಮಾಡಿದ ಟೈಮರುಗಳಲ್ಲೂ ಹೊಳೆಯುವ ಮುಳ್ಳುಗಳಿರುತ್ತಿದ್ದವು, ಅವನ್ನು ದೂರದ ಗೋಡೆಗೆ ನೇತುಹಾಕುತ್ತಿದ್ದರು. ಒಳಗೆ ಐದು ನಿಮಿಷ ಸುಮ್ಮನೆ ಕೂತು, ಕಣ್ಣು ಕತ್ತಲಿಗೆ ಹೊಂದಿಕೊಂಡ ಮೇಲೂ ಎದುರಿನ ಬಿಳಿ ಹಾಳೆ ಕಾಣಲಿಲ್ಲವೆಂದರೆ ಕೋಣೆ ಸರಿಯಿದೆ ಎಂದರ್ಥ. ಚೇಂಜಿಂಗ್ ಬ್ಯಾಗಿನಲ್ಲಿ ಈ ಪರೀಕ್ಷೆ ಸಾಧ್ಯವಿಲ್ಲ, ಒಳಗಿರುವುದು ಕೈ ಮಾತ್ರ. ಅದಕ್ಕೇ ಅಲ್ಲಿ ಸ್ಮಾರ್ಟ್‌ವಾಚು ಹೆಚ್ಚು ಅಪಾಯಕಾರಿ. ಸೈಲೆಂಟ್ ಮಾಡಿದರೆ ಸಾಲದು, ಬಿಚ್ಚಿ ಹೊರಗಿಡಬೇಕು.

ಹಳೆಯ ರೇಡಿಯಂ ವಾಚುಗಳು ಇಂದಿಗೂ ಸಂಗ್ರಾಹಕರ ಖಾನೆಗಳಲ್ಲಿವೆ. ಹೆಚ್ಚಿನವು ಈಗ ಕತ್ತಲಲ್ಲಿ ಹೊಳೆಯುವುದಿಲ್ಲ. ಕಿರಣಗಳ ಪೆಟ್ಟು ತಿಂದು ಸಲ್ಫೈಡ್ ಸವೆದಿದೆ, ಅಂಕಿಗಳು ಕಂದಿವೆ. ರೇಡಿಯಂ ಅರ್ಧಕ್ಕಿಳಿಯಲು ಮಾತ್ರ 1,600 ವರ್ಷ ಬೇಕು. ಅಂಥ ಒಂದು ವಾಚಿನ ಮುಖವನ್ನು ಬೆಳಕು ತಾಗದ ಡಬ್ಬಿಯಲ್ಲಿ ಫಿಲ್ಮಿನ ಮೇಲೆ ಮಲಗಿಸಿ, ಕೆಲವು ದಿನ ಬಿಟ್ಟು ತೊಳೆದರೆ, ಒಂದರಿಂದ ಹನ್ನೆರಡರವರೆಗೆ ಅಂಕಿಗಳು ಸಾಲಾಗಿ ಮೂಡುತ್ತವೆ. ಯಾವುದೋ ಹುಡುಗಿ ತುಟಿಯಲ್ಲಿ ಚೂಪು ಮಾಡಿದ ಕುಂಚದಿಂದ ಎಳೆದ ಗೆರೆಗಳ ದಪ್ಪ ತೆಳುವು ಸಮೇತ.