ತಾಮ್ರದ ತಂತಿ, ಹಳೆಯ ಮೋಡೆಮ್

ಟೆಲಿಫೋನಿನ ಚರಿತ್ರೆಯಲ್ಲಿ ಬೆಳಗಾವಿ ಜಿಲ್ಲೆಗೂ ಒಂದು ಪುಟವಿದೆ. 1984ರಲ್ಲಿ ಆರಂಭವಾದ ಸಿ-ಡಾಟ್ ಸಂಸ್ಥೆ ಹಳ್ಳಿಗಳಿಗಾಗಿ ರೂಪಿಸಿದ 128 ಪೋರ್ಟುಗಳ ಎಕ್ಸ್‌ಚೇಂಜನ್ನು 1986ರಲ್ಲಿ ಮೊದಲು ಪರೀಕ್ಷೆಗೆ ಇಟ್ಟದ್ದು ಇದೇ ಜಿಲ್ಲೆಯ ಕಿತ್ತೂರಿನಲ್ಲಿ. ಹವಾನಿಯಂತ್ರಣ ಬೇಡದ, ನಮ್ಮ ಧೂಳು-ಸೆಖೆಗೆ ಒಗ್ಗುವ ಯಂತ್ರವದು.

ಇಂಥ ಎಕ್ಸ್‌ಚೇಂಜುಗಳಿಂದ ಹೊರಟ ತಾಮ್ರದ ತಂತಿಯೇ ಇಂಟರ್ನೆಟ್ಟಿಗೂ ದಾರಿಯಾಯಿತು. ವಿಎಸ್‌ಎನ್‌ಎಲ್ 1995ರ ಆಗಸ್ಟ್ 15ರಂದು ಈ ಸೇವೆಯನ್ನು ಸಾರ್ವಜನಿಕರಿಗೆ ತೆರೆಯಿತು. 2000ದಲ್ಲಿ ಬಿಎಸ್‌ಎನ್‌ಎಲ್ ಹುಟ್ಟಿತು. ಅದರ ಸಂಚಾರ್‌ನೆಟ್ ಚಂದಾದಾರರು 172233ಕ್ಕೆ ಡಯಲ್ ಮಾಡಿದರೆ ಮೋಡೆಮ್ ಕಿರುಚಿ, ಗೊರಗುಟ್ಟಿ ಸಂಪರ್ಕ ಹಿಡಿಯುತ್ತಿತ್ತು. ಆಗ ಉರ್ದು ಪತ್ರಿಕೆಗಳು ಪುಟಗಳನ್ನು ಚಿತ್ರವಾಗಿಯೇ ಹಾಕುತ್ತಿದ್ದವು. 33.6 ಕಿಲೋಬಿಟ್ ವೇಗದಲ್ಲಿ 100 ಕಿಲೋಬೈಟಿನ ಚಿತ್ರ ಇಳಿಯಲು ಸುಮಾರು 24 ಸೆಕೆಂಡು ಬೇಕು. ನಾವು ಸುದ್ದಿಯನ್ನು ಸಾಲುಸಾಲಾಗಿ ಕಾದು ಓದಿದವರು.

2005ರಲ್ಲಿ ಬ್ರಾಡ್‌ಬ್ಯಾಂಡ್ ಬಂತು. ಈಗ ತಾಮ್ರದ ಜಾಗಕ್ಕೆ ಫೈಬರ್ ಬರುತ್ತಿದೆ. ಫೈಬರ್ ಪೆಟ್ಟಿಗೆಗೆ ಸಿಕ್ಕಿಸಿದ ಟೆಲಿಫೋನಿನಲ್ಲಿ ಮಾತು ಇಂಟರ್ನೆಟ್ಟಿನ ಪೊಟ್ಟಣಗಳಾಗಿ ಸಾಗುತ್ತದೆ. ಹಳೆಯ ಮೋಡೆಮನ್ನು ಅದಕ್ಕೆ ಜೋಡಿಸಿದರೆ ವ್ಯತ್ಯಾಸ ತಿಳಿಯುತ್ತದೆ. ಮಾತಿನ ನಡುವೆ ಒಂದು ಪೊಟ್ಟಣ ಕಳೆದುಹೋದರೆ ಕಿವಿ ಅದನ್ನು ಸರಿದೂಗಿಸಿಕೊಳ್ಳುತ್ತದೆ, ಮೋಡೆಮ್ ಕ್ಷಮಿಸುವುದಿಲ್ಲ. ಮಾತನ್ನು ಹಿಂಡಿ ಕಿರಿದುಮಾಡುವ ವಿಧಾನಗಳಲ್ಲಿ ಅದರ ಧ್ವನಿ ಕೆಡುತ್ತದೆ. ಹಿಂಡದೆ 64 ಕಿಲೋಬಿಟ್‌ನಲ್ಲಿ ಕಳಿಸುವ ಜಿ.711 ವಿಧಾನವಿದ್ದು, ಪ್ರತಿಧ್ವನಿ ಅಳಿಸುವ ವ್ಯವಸ್ಥೆ ಸುಮ್ಮನಿದ್ದು, ವೇಗವನ್ನೂ ತಗ್ಗಿಸಿಕೊಂಡರೆ ಹಳೆಯ ಯಂತ್ರ ಮಾತನಾಡೀತು. ಹಳೆಯ ಯಂತ್ರಗಳ ಹವ್ಯಾಸಿಗಳು ಹೀಗೆಯೇ ಅವನ್ನು ಎಬ್ಬಿಸುತ್ತಾರೆ.

ಇದು ಬರಿಯ ಹವ್ಯಾಸದ ಮಾತಾಗಿದ್ದರೆ ಇಷ್ಟು ಬರೆಯಬೇಕಿರಲಿಲ್ಲ. ತಾಮ್ರದ ತಂತಿ ಮಾತಿನ ಜೊತೆಗೆ ಎಕ್ಸ್‌ಚೇಂಜಿನ ಬ್ಯಾಟರಿಯಿಂದ 48 ವೋಲ್ಟ್ ವಿದ್ಯುತ್ತನ್ನೂ ಮನೆಗೆ ತರುತ್ತಿತ್ತು. ಊರಿನ ಕರೆಂಟು ಹೋದರೂ ಫೋನು ಬದುಕಿರುತ್ತಿತ್ತು. ಫೈಬರಿನಲ್ಲಿ ಬೆಳಕು ಮಾತ್ರ ಹರಿಯುತ್ತದೆ. ಮನೆಯ ಕರೆಂಟು ಹೋದರೆ, ಬ್ಯಾಟರಿ ಇಲ್ಲದಿದ್ದಲ್ಲಿ, ಫೋನೂ ಸಾಯುತ್ತದೆ. ಬೆಳಗಾವಿ ನಗರದಲ್ಲಿ ಕೈಯಲ್ಲಿನ ಮೊಬೈಲು ಈ ಕೊರತೆ ತುಂಬೀತು. ಆದರೆ ಮಲಪ್ರಭೆ ಹುಟ್ಟುವ ಕಣಕುಂಬಿಯಂಥ, ಖಾನಾಪುರ ತಾಲ್ಲೂಕಿನ ಕಾಡಂಚಿನ ಊರುಗಳಲ್ಲಿ, ಮಳೆಗಾಲದ ರಾತ್ರಿ ಹೆರಿಗೆ ನೋವು ಬಂದ ಮನೆಯವರು ಯಾವ ಫೋನು ಎತ್ತಬೇಕು?

ಹೊಸದು ಬರಲಿ, ಬೇಡವೆಂದವರಾರು? ಆದರೆ ಹಳೆಯ ತಂತಿಯನ್ನು ಕೀಳುವ ಮೊದಲು ಅದು ಸದ್ದಿಲ್ಲದೆ ಮಾಡುತ್ತಿದ್ದ ಕೆಲಸಗಳನ್ನು ಎಣಿಸಬೇಕು. ಫೈಬರ್ ಪೆಟ್ಟಿಗೆಯ ಜೊತೆಗೆ ಒಂದು ಬ್ಯಾಟರಿಯನ್ನೂ ಕೊಡಿ ಎಂದು ಕೇಳುವುದು ದೊಡ್ಡ ಬೇಡಿಕೆಯೇನಲ್ಲ.