ಜುಗಾಡ್ ಅಂದ್ರೇನು, ನಮ್ಮ 'ಸದ್ಯಕ್ಕೆ' ಅಂದ್ರೇನು

ಹಳೇ ಸೈಕಲ್ಲಿಗೆ ಎಡೆಕುಂಟೆ ಕಟ್ಟಿದ ವಿಡಿಯೋ, ಬೈಕ್ ಎಂಜಿನ್ನಿಂದ ನೀರೆತ್ತೋ ವಿಡಿಯೋ ಎಲ್ಲಾ ನಮ್ಮ ಗ್ರೂಪಿಗೂ ಬರ್ತಾವೆ. ಮೇಲೆ 'ದೇಸಿ ಜುಗಾಡ್' ಅಂತ ಬರೆದಿರ್ತಾರೆ. ಈಗ ನಮ್ಮ ಹುಡುಗರೂ ಅದನ್ನೇ ಹೇಳ್ತಾರೆ. ಈ ಪದದ ಹಿಂದೆ ರೈತರದ್ದೇ ಒಂದು ಚರಿತ್ರೆ ಇದೆ. ಅದನ್ನ ಇವತ್ತು ಬರೀತಿದ್ದೀನಿ. ಸ್ವಲ್ಪ ಉದ್ದ ಆಯ್ತು, ಆದ್ರೆ ಬೇಲಿ ವಿಷಯ ಬರೋ ತನಕ ಓದಿ.

ಜುಗಾಡ್ ಅನ್ನೋದು ಹಿಂದಿ, ಪಂಜಾಬಿ ಕಡೆಯ ಮಾತು. ಬೇಕಾದ ಸಾಮಾನು ಇಲ್ಲ, ದುಡ್ಡಿಲ್ಲ, ಟೈಮೂ ಇಲ್ಲ. ಕೈಗೆ ಸಿಕ್ಕಿದ್ದರಲ್ಲೇ ಹೇಗೋ ಕೆಲಸ ಸಾಗಿಸೋದು, ಅದು ಜುಗಾಡ್. ಪಂಜಾಬಿನ ಡಾಬಾದವರು ಲಸ್ಸಿ ಕಡೆಯೋಕೆ ವಾಷಿಂಗ್ ಮೆಷಿನ್ ಇಟ್ಕೊಂಡ್ರಲ್ಲ, ಆ ತರ. ಇನ್ನೊಂದು ಅರ್ಥವೂ ಇದೆ. ಸೀಟು, ಟಿಕೆಟ್ಟು, ಕೆಲಸ ಇಂಥವನ್ನ ಯಾರನ್ನೋ ಹಿಡಿದು, ಅಡ್ಡದಾರಿಯಲ್ಲಿ ಗಿಟ್ಟಿಸ್ಕೊಂಡ್ರೂ ಅವರು ಜುಗಾಡ್ ಅಂತಾರೆ. ಅಂದ್ರೆ ಆ ಪದದಲ್ಲಿ ಹೊಗಳಿಕೆಯೂ ಇದೆ, ಒಂದು ಅನುಮಾನವೂ ಇದೆ.

ರೈತರಿಗೆ ಮಾತ್ರ ಜುಗಾಡ್ ಅಂದ್ರೆ ಒಂದು ಗಾಡಿಯ ಹೆಸರು. ಹಸಿರು ಕ್ರಾಂತಿ ಬಂದ ಮೇಲೆ ಪಂಜಾಬ್, ಹರಿಯಾಣ, ಪಶ್ಚಿಮ ಉತ್ತರಪ್ರದೇಶದ ಹೊಲಗಳಿಗೆ ಡೀಸೆಲ್ ಪಂಪ್‌ಸೆಟ್ ಬಂದವು. ನೀರು ಹಾಯಿಸೋ ಕೆಲಸ ಇಲ್ಲದಾಗ ಎಂಜಿನ್ ಸುಮ್ನೆ ಕೂತಿರುತ್ತೆ. ಅದನ್ನೇ ಕಿತ್ತು ಮರದ ಗಾಡಿ ಮೇಲೆ ಕೂರಿಸಿ, ಹಳೇ ಜೀಪಿನ ಸ್ಟೇರಿಂಗು, ಗುಜರಿಯ ಚಕ್ರ ಹಾಕಿ ಓಡಿಸಿದ್ರು. ಪಂಜಾಬಿನಲ್ಲಿ ಇದಕ್ಕೆ 'ಪೀಟರ್ ರೇಹ್ಡಾ' ಅಂತಲೂ ಹೆಸರು. ಪೀಟರ್ ಅನ್ನೋದು ಎಂಜಿನ್ ಹೆಸರು, ರೇಹ್ಡಾ ಅಂದ್ರೆ ಗಾಡಿ. ಮಂಡಿಗೆ ಕಬ್ಬು, ಗೋಧಿ ಹೋಯ್ತು, ವಾಪಸ್ ಬರೋವಾಗ ಜನ ಬಂದ್ರು. ಬಸ್ಸು ಹೋಗದ ಊರಿಗೆ ಅದೇ ಬಸ್ಸು.

ನಂಬರ್ ಪ್ಲೇಟ್ ಇಲ್ಲ, ಇನ್ಶೂರೆನ್ಸ್ ಇಲ್ಲ, ಬ್ರೇಕಂತೂ ದೇವರ ಇಚ್ಛೆ. ಆದ್ರೂ ವರ್ಷಗಟ್ಟಲೆ ಓಡ್ತು. ತಮಾಷೆ ಏನಂದ್ರೆ, 2012ರಲ್ಲಿ 'ಜುಗಾಡ್ ಇನ್ನೋವೇಶನ್' ಅಂತ ಮ್ಯಾನೇಜ್‌ಮೆಂಟ್ ಪುಸ್ತಕ ಬಂತು. ದೊಡ್ಡ ಕಂಪನಿಯವರೆಲ್ಲಾ ಇದನ್ನ ಕಲೀಬೇಕು ಅಂತ ಹೊಗಳಿದ್ರು. ಮಾರನೇ ವರ್ಷ, 2013ರ ಮೇ ತಿಂಗಳಲ್ಲಿ, ರಾಜಸ್ಥಾನದ ಒಂದು ಅಪಘಾತದ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಬೇರೆ ಮಾತು ಹೇಳ್ತು. ಜುಗಾಡ್ ಕೂಡ ಕಾಯ್ದೆ ಪ್ರಕಾರ ಮೋಟಾರು ವಾಹನವೇ, ಕಾಯ್ದೆಯ ಷರತ್ತು ಪೂರೈಸದೆ ಅದು ರಸ್ತೆಗೆ ಇಳಿಯೋ ಹಾಗಿಲ್ಲ ಅಂತ. ಇನ್ಶೂರೆನ್ಸ್ ಇಲ್ಲದ ಗಾಡಿಯಲ್ಲಿ ಹೋಗಿ ಸತ್ತವನ ಹೆಂಡತಿ ಮಕ್ಕಳು ಪರಿಹಾರಕ್ಕೆ ಯಾರ ಮನೆ ಬಾಗಿಲಿಗೆ ಹೋಗಬೇಕು? ಪುಸ್ತಕ ಹೊಗಳಿದ್ದು ಎಂಜಿನ್ ಕೂರಿಸಿದವನ ತಲೆಯನ್ನ. ಕೋರ್ಟ್ ನೋಡಿದ್ದು ಅದರಲ್ಲಿ ಕೂತು ಹೋಗೋನ ಜೀವವನ್ನ. ಎರಡೂ ಸುಳ್ಳಲ್ಲ.

ಈಗ ನಮ್ಮ ಕನ್ನಡಕ್ಕೆ ಬರೋಣ. ಜುಗಾಡಿಗೆ ಸರಿಸಮ ಒಂದೇ ಪದ ನಮ್ಮಲ್ಲಿಲ್ಲ. ಉಪಾಯ ಅಂತೀವಿ, ಯುಕ್ತಿ ಅಂತೀವಿ, ಹೊಂದಿಸ್ಕೊಳ್ಳೋದು ಅಂತೀವಿ, ಇಂಗ್ಲಿಷಿನ ಅಡ್ಜಸ್ಟನ್ನೂ ನಮ್ಮದೇ ಮಾಡ್ಕೊಂಡಿದ್ದೀವಿ. ಆದ್ರೆ ಹೊಲದಲ್ಲಿ ಕೆಲಸ ನಿಂತಾಗ ನಿಜವಾಗಿ ಬಾಯಿಗೆ ಬರೋ ಮಾತು ಯಾವುದು ಗಮನಿಸಿ. ಡ್ರಿಪ್ ಪೈಪ್ ಒಡೆದಾಗ ಸೈಕಲ್ ಟ್ಯೂಬ್ ಸುತ್ತಿ, "ಸದ್ಯಕ್ಕೆ ನಡೆಯುತ್ತೆ ಬಿಡಿ ಅಣ್ಣ." ಟ್ರೇಲರ್ ಪಿನ್ ಕಳೆದಾಗ ಸರಳು ತೂರಿಸಿ, "ಸದ್ಯಕ್ಕೆ ಆಗುತ್ತೆ." ಫ್ಯೂಸ್ ಹೋದಾಗ ದಪ್ಪ ತಂತಿ ಸಿಕ್ಕಿಸಿ, ಅದೇ ಮಾತು.

ಜುಗಾಡ್ ಅನ್ನೋ ಪದ ಕೆಲಸದ ಜಾಣತನ ಹೇಳುತ್ತೆ. ನಮ್ಮ 'ಸದ್ಯಕ್ಕೆ' ಅದರ ಗಡುವನ್ನ ಹೇಳುತ್ತೆ. ಈಗಿನ ಮಟ್ಟಿಗೆ, ಆಮೇಲೆ ಸರಿಯಾಗಿ ಮಾಡೋಣ ಅಂತ ಆ ಪದದಲ್ಲೇ ಒಂದು ಮಾತು ಕೊಟ್ಟಿರ್ತೀವಿ. ನನಗೆ ನಮ್ಮ ಪದವೇ ಹೆಚ್ಚು ಪ್ರಾಮಾಣಿಕ ಅನ್ಸುತ್ತೆ. ತೊಂದರೆ ಏನಂದ್ರೆ ಆ ಮಾತು ಯಾರಿಗೂ ನೆನಪಿರಲ್ಲ.

ನೆನಪಿಟ್ಟುಕೊಂಡವರು ಏನು ಮಾಡಿದ್ರು ಅನ್ನೋಕೆ ಎರಡು ಉದಾಹರಣೆ.

ಗುಜರಾತಿನ ಅಮ್ರೇಲಿ ಜಿಲ್ಲೆ ಬರದ ನಾಡು. ಅಲ್ಲಿನ ಮನ್ಸುಖ್‌ಭಾಯ್ ಜಗಾನಿ 1994ರಲ್ಲಿ ಬುಲೆಟ್ ಬೈಕಿನ ಹಿಂದಿನ ಚಕ್ರ ತೆಗೆದು, ಎರಡು ಚಕ್ರ ಮತ್ತು ಉಳುಮೆ ಸಾಮಾನು ಕೂರಿಸಿದ್ರು. ಎತ್ತು ಸಾಕೋಕಾಗದ, ಟ್ರ್ಯಾಕ್ಟರ್ ತಗೊಳ್ಳೋಕಾಗದ ರೈತರಿಗೆ ಅಂತ. ಹೆಸರು 'ಬುಲೆಟ್ ಸಾಂತಿ'. ಸಾಂತಿ ಅಂದ್ರೆ ಅಲ್ಲಿ ಎತ್ತು ಕಟ್ಟಿ ಹೊಡೆಯೋ ಸಾಧನ. ಸುಮಾರು 2 ಲೀಟರ್ ಡೀಸೆಲ್ಲಿಗೆ, ಅರ್ಧ ಗಂಟೆಯೊಳಗೆ ಒಂದು ಎಕರೆ ಮುಗಿಸುತ್ತೆ ಅಂತ ದಾಖಲೆ. ಅವರು ಅಲ್ಲಿಗೆ ನಿಲ್ಲಿಸಲಿಲ್ಲ, ತಿದ್ದುತ್ತಾ ಹೋದ್ರು, ಪೇಟೆಂಟೂ ಸಿಕ್ತು.

ಇನ್ನೊಬ್ಬರು ನಮ್ಮವರೇ, ಧಾರವಾಡ ಜಿಲ್ಲೆ ಅಣ್ಣಿಗೇರಿಯ ಅಬ್ದುಲ್ ಖಾದರ್ ನಡಕಟ್ಟಿನ ಅವರು. ಚಿಕ್ಕವರಿದ್ದಾಗ ಬೆಳಗ್ಗೆ ಬೇಗ ಎಚ್ಚರ ಆಗಲ್ಲ ಅಂತ ಅಲಾರಂ ಗಡಿಯಾರದ ಕೀಲಿಗೆ ದಾರ ಕಟ್ಟಿ, ದಾರಕ್ಕೆ ನೀರಿನ ಬಾಟ್ಲಿ ಕಟ್ಟಿದ್ರಂತೆ. ಕೀಲಿ ತಿರುಗಿದ ಕೂಡ್ಲೇ ಮುಖದ ಮೇಲೆ ನೀರು! ಅದು ಅಪ್ಪಟ ಜುಗಾಡ್. ಆದ್ರೆ ಅದೇ ತಲೆ ಮುಂದೆ ಹುಣಸೆ ಬೀಜ ಬೇರೆ ಮಾಡೋ ಯಂತ್ರ ಮಾಡ್ತು, ಬೀಜ ಗೊಬ್ಬರ ಒಟ್ಟಿಗೆ ಬಿತ್ತೋ ಕೂರಿಗೆ ಮಾಡ್ತು. 2022ರಲ್ಲಿ ಪದ್ಮಶ್ರೀ ಬಂತು. ಆ ಕೂರಿಗೆ ಇಂದು 'ನಡಕಟ್ಟಿನ ಕೂರಿಗೆ' ಅಂತಲೇ ಹೆಸರಾಗಿದೆ. ಅದನ್ನ ಜುಗಾಡ್ ಅಂದ್ರೆ ವರ್ಷಗಟ್ಟಲೆ ತಿದ್ದಿದ ಶ್ರಮಕ್ಕೆ ಅವಮಾನ. ರೈತರ ಆವಿಷ್ಕಾರ ಹುಡುಕಿ ದಾಖಲಿಸಿದ ಪ್ರೊಫೆಸರ್ ಅನಿಲ್ ಗುಪ್ತಾ ಅವರೂ ಇಂಥ ಕೆಲಸಕ್ಕೆಲ್ಲಾ ಜುಗಾಡ್ ಅನ್ನೋದನ್ನ ಒಪ್ಪಲ್ಲ.

ಈಗ ಬೇಲಿ ವಿಷಯ. ಇದಕ್ಕೋಸ್ಕರವೇ ಇಷ್ಟು ಬರೆದದ್ದು.

ಸೋಲಾರ್ ಬೇಲಿಯ ಝಟ್ಕಾ ಮೆಷಿನ್ ಕೂಡ ರೈತನ ಉಪಾಯದಿಂದಲೇ ಬೆಳೆದ ಸಾಧನ. ನ್ಯೂಜಿಲೆಂಡಿನಲ್ಲಿ 1930ರ ದಶಕದಲ್ಲಿ ಬಿಲ್ ಗ್ಯಾಲಗರ್ ಅನ್ನೋರು, ಕುದುರೆ ಬಂದು ಕಾರಿಗೆ ಮೈ ಉಜ್ಜುತ್ತೆ ಅಂತ ಕಾರಿಗೇ ಶಾಕ್ ಬರೋ ಹಾಗೆ ಮಾಡಿದ್ರು. ಅದೇ ಯೋಚನೆ ಬೇಲಿಗೆ ಬಂತು, ತಿದ್ದಿ ತಿದ್ದಿ ಮೆಷಿನ್ ಆಯ್ತು. ಆ ಮೆಷಿನ್ ಸುಮಾರು ಸೆಕೆಂಡಿಗೊಮ್ಮೆ, ಕಣ್ಣು ಮಿಟುಕಿಸೋದಕ್ಕಿಂತ ಕಡಿಮೆ ಹೊತ್ತು ಮಾತ್ರ ಶಾಕ್ ಕೊಡುತ್ತೆ. ಮುಟ್ಟಿದ ಹಂದಿಗೋ ಮನುಷ್ಯನಿಗೋ ನಡುವೆ ಬಿಡಿಸ್ಕೊಂಡು ಹೋಗೋಕೆ ಹೊತ್ತಿರುತ್ತೆ. ಜೀವ ಉಳಿಸೋದು ಆ ಬಿಡುವೇ.

ಆ ಮೆಷಿನ್ನಿಗೆ ದುಡ್ಡಿಲ್ಲ ಅಂತ ಮೋಟರ್ ಲೈನಿಂದ ನೇರ ವೈರ್ ಎಳೆದು ಬೇಲಿಗೆ ಕೊಡ್ತಾರಲ್ಲ, ಅದರಲ್ಲಿ ಬಿಡುವೇ ಇಲ್ಲ. ಕೈ ಬಿಗಿದು ಹಿಡಿದುಕೊಳ್ಳುತ್ತೆ, ಬಿಡಿಸೋಕಾಗಲ್ಲ. ಆನೆ ಸತ್ತ ಸುದ್ದಿ ಓದ್ತೀವಿ, ರಾತ್ರಿ ನೀರು ಕಟ್ಟೋಕೆ ಹೋದ ಮನೆಯವನೇ ಸತ್ತ ಸುದ್ದಿಯನ್ನೂ ಓದ್ತೀವಿ. ಕಾನೂನಿನಲ್ಲಿ ಅಪರಾಧ ಅನ್ನೋದು ಆಮೇಲಿನ ಮಾತು. "ಮೆಕ್ಕೆಜೋಳ ಕಟಾವಾಗೋ ತನಕ ಅಷ್ಟೇ, ಸದ್ಯಕ್ಕೆ" ಅಂತ ಹಾಕಿದ ವೈರ್ ಅದು. ದಯವಿಟ್ಟು ಯಾರೂ ಹಾಕಬೇಡಿ, ಹಾಕಿದವರು ಇವತ್ತೇ ತೆಗೀರಿ.

ಉಳಿದ ಸಣ್ಣಪುಟ್ಟ ರಿಪೇರಿ ಬಿಡೋಕಾಗಲ್ಲ, ಬಿಡಬೇಕಾಗೂ ಇಲ್ಲ. ಅದಿಲ್ಲದೆ ಬೇಸಾಯ ಒಂದು ವಾರವೂ ನಡೆಯಲ್ಲ. ಒಂದು ಕೆಲಸ ಮಾಡಿ ನೋಡಿ. ಪಂಪ್‌ಹೌಸ್ ಗೋಡೆ ಮೇಲೆ ಸೀಮೆಸುಣ್ಣದಲ್ಲಿ 'ಸದ್ಯಕ್ಕೆ' ಅಂತ ತಲೆಬರಹ ಹಾಕಿ, ಕೆಳಗೆ ಏನು ರಿಪೇರಿ, ಯಾವ ತಾರೀಕು ಅಂತ ಬರೀರಿ. ನೀರು ಸೋರೋದಾದ್ರೆ ಬೆಳೆ ಮುಗಿಯೋ ತನಕ ಇರಲಿ. ಕರೆಂಟು, ಬ್ರೇಕು, ತಿರುಗೋ ಶಾಫ್ಟು ಆದ್ರೆ ಆ ದಿನವೇ ಕೆಲಸ ನಿಲ್ಸಿ ಸರಿಮಾಡಿ, ಪಟ್ಟಿಗೆ ಸೇರಿಸಲೇಬೇಡಿ.

ನಿಮ್ಮ ಕಡೆ ಇದಕ್ಕೆ ಬೇರೆ ಏನಾದ್ರೂ ಮಾತಿದ್ರೆ ಕೆಳಗೆ ಬರೀರಿ. ಸದ್ಯಕ್ಕೆ ಅಂತ ಶುರುವಾಗಿ ಒಳ್ಳೇ ಸಾಧನವೇ ಆಗಿಬಿಟ್ಟದ್ದು ನಿಮ್ಮ ಹೊಲದಲ್ಲಿದ್ರೆ ಫೋಟೋ ಹಾಕಿ, ಬಂದು ನೋಡ್ತೀನಿ.